ವಾಪಸ್ ಬರುವ ಗುಂಡಿ

ಸೊಣ್ಣಮ್ಮನಿಗೆ ಗುಂಡಿ ಒತ್ತುವುದೆಂದರೆ ಭಯ. ಬೇರೆ ಯಾವುದಕ್ಕೂ ಹೆದರಿದವರಲ್ಲ ಎಂದು ಇಟ್ಟಮಡುವಿನ ಹಳಬರು ಹೇಳುತ್ತಾರೆ. ಇಟ್ಟಮಡು ಇನ್ನೂ ಹೊಲವಾಗಿದ್ದ ಕಾಲದಲ್ಲಿ ರಾಗಿ ಮೆದೆಯಿಂದ ಹೊರಬಂದ ನಾಗರಹಾವನ್ನು ಕೋಲಿನ ತುದಿಯಲ್ಲಿ ಎತ್ತಿ ಬೇಲಿಯಾಚೆ ಬಿಟ್ಟವರು ಅವರು. ಹೊಲ ಹೋಗಿ ಸೈಟುಗಳಾದ ಮೇಲೆ, ಉಳಿದ ಜಾಗದಲ್ಲಿ ಗಂಡ ಚಿಕ್ಕಬೈರಪ್ಪ ಮೂರು ಬಾಡಿಗೆ ಮನೆ ಕಟ್ಟಿಸಿದರು. ಸಂಪಿನ ಬೀಗ, ನೀರಿನ ಜಗಳ, ಮೋಟಾರು ಎಲ್ಲವೂ ಸೊಣ್ಣಮ್ಮನ ಕೈಯಲ್ಲೇ ಇದ್ದವು. ಮೋಟಾರಿನ ಸ್ವಿಚ್ಚಿಗೆ ಅವರು ಹೆದರುವುದಿಲ್ಲ. ಅದು ಹಾಕಿದರೆ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ನಡುವೆ ಏನನ್ನೂ ಕೇಳುವುದಿಲ್ಲ.

ಭಯ ಹಿಡಿದದ್ದು ಎರಡು ವರ್ಷದ ಹಿಂದೆ, ಚಿಕ್ಕಬೈರಪ್ಪ ತೀರಿಕೊಂಡ ಮೂರನೇ ತಿಂಗಳಲ್ಲಿ. ಅವರ ಫೋನಿನಲ್ಲಿ ಅವರದೇ ದನಿ ಇತ್ತು. ಮಗ ಶಶಿಧರನಿಗೆ ಸಿಮೆಂಟಿನ ಲೆಕ್ಕ ಹೇಳಿದ್ದು, ಯಾರಿಗೋ ಬೈದದ್ದು, ಮದುವೆಯೊಂದರಲ್ಲಿ ನಕ್ಕದ್ದು. ಒಂದು ಮಧ್ಯಾಹ್ನ ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು. ಸೊಣ್ಣಮ್ಮ ಒತ್ತಿದರು. ಅದು ಮತ್ತೊಮ್ಮೆ ಕೇಳಿತು. ಅವರು ಮತ್ತೊಮ್ಮೆ ಒತ್ತಿದರು, ಆ ದನಿಯೆಲ್ಲ ಅಳಿಸಿಹೋಯಿತು. ಅಷ್ಟೇ. ಶಶಿಧರ ಆ ಫೋನನ್ನು ಎರಡು ಅಂಗಡಿಗೆ ತೆಗೆದುಕೊಂಡು ಹೋಗಿ ಬಂದು, "ಹೋಗ್ಲಿ ಬಿಡಮ್ಮ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಮೆತ್ತಗೆ ಅವನು ಹಿಂದೆಂದೂ ಮಾತಾಡಿರಲಿಲ್ಲ. ಅಂದಿನಿಂದ ಸೊಣ್ಣಮ್ಮ ರಿಮೋಟನ್ನೂ ಮುಟ್ಟಲಿಲ್ಲ. ಯಾರಾದರೂ ಹಾಕಿಕೊಟ್ಟರೆ ಟಿವಿ ನೋಡುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಈ ವರ್ಷ ಬೀದಿಯ ಕೇಬಲ್‌ನವನು ಅಂಗಡಿ ಮುಚ್ಚಿದ. ಮನೆಯ ಟಿವಿ ಹಳೆಯದು, ಆದರೆ ಕೆಟ್ಟಿರಲಿಲ್ಲ. ಮನೆಯಲ್ಲಿ ವೈಫೈ ಇತ್ತು. ಟಿವಿಗೆ ಒಂದು ಪುಟ್ಟ ಬಾಕ್ಸ್ ತಗುಲಿಸಿದರೆ ಸಾಕು, ಎಲ್ಲ ಬರುತ್ತದೆ ಎಂದು ಶಶಿಧರ ಹೇಳಿದ. ಸೊಸೆ ಶ್ವೇತ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗುರುವಾರ ಅವಳಿಗೆ ರಜೆ. "ಹಗಲೆಲ್ಲ ಅದನ್ನ ನೋಡೋರು ನೀವು ಅತ್ತೆ. ನೀವೇ ಬಂದು ಆರಿಸಿ" ಎಂದು ಅವರನ್ನು ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯಲ್ಲಿ ಮಯೂರ್ ಎಂಬ ಸೇಲ್ಸ್‌ಮನ್ ಮೂರು ಬಾಕ್ಸುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಸೊಣ್ಣಮ್ಮ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ನೋಡಿದರು.

"ಅಜ್ಜಿ, ಇದು ಸಖತ್ತಾಗಿದೆ. ಬಾಯಲ್ಲಿ ಹೇಳಿದ್ರೆ ಸಾಕು, ಬಟನ್ ಒತ್ತೋದೇ ಬೇಡ."

"ನಾವು ಮಾತಾಡಿದ್ದನ್ನೆಲ್ಲ ಕೇಳಿಸ್ಕೊಂಡು ಕೂತಿರುತ್ತಾ?"

"ಒಂಥರಾ ಹಂಗೇ ಅಜ್ಜಿ."

"ಬ್ಯಾಡಪ್ಪ. ಬಾಡಿಗೆಯೋರ ಮೇಲೆ ಕೂಗಾಡೋದನ್ನೂ ಕೇಳಿಸ್ಕೊಂಡ್ಬಿಟ್ರೆ?"

ಶ್ವೇತ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡನೆಯದರ ರಿಮೋಟಿನ ತುಂಬ ಗುಂಡಿಗಳಿದ್ದವು, ಕೆಂಪು, ಹಸಿರು, ಹಳದಿ, ನೀಲಿ. ಅದನ್ನು ನೋಡಿಯೇ ಸೊಣ್ಣಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಮೂರನೆಯದು ಎಲ್ಲಕ್ಕಿಂತ ಅಗ್ಗ, ಎರಡು ಸಾವಿರದ ನಾನೂರು. ಅದರ ರಿಮೋಟಿನಲ್ಲಿ ಎಂಟೇ ಗುಂಡಿಗಳು. ಟಿವಿಯ ಮೇಲೆ ಕನ್ನಡದ ಅಕ್ಷರ ಮೂಡುತ್ತಿತ್ತು.

"ಒಂದೇ ತೊಂದರೆ ಮೇಡಂ" ಎಂದು ಮಯೂರ್ ಶ್ವೇತಳಿಗೆ ಹೇಳಿದ. "ಇದರ ರಿಮೋಟನ್ನ ನೇರ ಹಿಡೀಬೇಕು. ಮುಂದ್ಗಡೆ ಈ ಕರಿ ಜಾಗ ಇದ್ಯಲ್ಲ, ಇದೇ ಇದರ ಕಣ್ಣು. ಇದಕ್ಕೆ ಏನೂ ಅಡ್ಡ ಇಡಬಾರದು."

ಸೊಣ್ಣಮ್ಮ ಆ ಮಾತಿಗೆ ಕಿವಿಗೊಡಲಿಲ್ಲ. ಮನೆಯಿಂದ ಹೊರಟಾಗಿನಿಂದ ಅವರ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು.

"ತಪ್ಪಾಗಿ ಒತ್ತಿದ್ರೆ ವಾಪಸ್ ಬರೋದು ಯಾವ್ದರಲ್ಲಪ್ಪ?"

ಮಯೂರ್ ನಗಲು ಹೋದವನು ಅವರ ಮುಖ ನೋಡಿ ನಗಲಿಲ್ಲ. ಮೂರು ರಿಮೋಟುಗಳನ್ನೂ ತಿರುಗಿಸಿ ತೋರಿಸಿದ. ಮೊದಲನೆಯದರಲ್ಲಿ ಒಂದು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಿತ್ತು. ಎರಡನೆಯದರಲ್ಲಿ ಆ ಗುಂಡಿಯನ್ನು ಹುಡುಕಲು ಅವನಿಗೇ ಹೊತ್ತು ಹಿಡಿಯಿತು. ಮೂರನೆಯದರಲ್ಲಿ ಅದು ನಟ್ಟನಡುವೆ ಇತ್ತು, ಉಳಿದವಕ್ಕಿಂತ ದಪ್ಪಗೆ. ಮೇಲೆ ಮನೆಯ ಚಿತ್ರ.

"ಎಲ್ಲೇ ಹೋಗಿ ಸಿಕ್ಕಾಕ್ಕೊಂಡ್ರೂ ಇದನ್ನ ಒತ್ತಿ ಅಜ್ಜಿ. ಶುರುವಿಗೆ ಬಂದ್ಬಿಡ್ತೀರ."

"ಎಲ್ಲಿ, ನೀನೇ ತಪ್ಪು ಒತ್ತು, ನೋಡೋಣ."

ಅವನು ನಾಲ್ಕು ಸಲ ಬೇಕೆಂದೇ ತಪ್ಪು ಒತ್ತಿ, ನಾಲ್ಕು ಸಲವೂ ವಾಪಸ್ ಬಂದ. ಸೊಣ್ಣಮ್ಮ ಸೆರಗಿನೊಳಗಿಂದ ಒಂದು ಕೈ ಹೊರತೆಗೆದರು.

"ಅಳಿಸಿಹೋದದ್ದೂ ವಾಪಸ್ ಬರುತ್ತಾ?"

"ಅದು ಬರಲ್ಲ ಅಜ್ಜಿ."

ಸೊಣ್ಣಮ್ಮ ಆ ಬಾಕ್ಸನ್ನೇ ತೆಗೆದುಕೊಂಡರು. ಆದರೆ ದಾರಿಯುದ್ದಕ್ಕೂ ಅವರು ನೆನೆದದ್ದು ಕೊನೆಯ ಉತ್ತರವನ್ನು.

ಸಂಜೆ ಶಶಿಧರ ಬಾಕ್ಸ್ ಜೋಡಿಸಿದ. ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಬಾಕ್ಸಿನ ಪಕ್ಕಕ್ಕೆ ಸಿಕ್ಕಿಸಿ, "ಅಮ್ಮ, ಇಲ್ಲಿ ನೋಡು" ಅಂದ.

ಟಿವಿಯಲ್ಲಿ ಚಿಕ್ಕಬೈರಪ್ಪ ಬಂದರು. ಬನಿಯನ್ನು ಹಾಕಿಕೊಂಡು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಫೋನು ಹಿಡಿದವನ ಕಡೆ ನೋಡದೆಯೇ, "ಏಯ್, ಅದನ್ನ ಆಚೆ ಮಡಗಿ ಕಾಯಿ ಸುಲಿ ಬಾ. ಉಣ್ಣಕ್ಕೆ ಮಾತ್ರ ಮುಂದೆ ಇರ್ತೀಯ" ಅಂದರು. ನಾಲ್ಕು ನಿಮಿಷದ ವಿಡಿಯೊ. ಸೊಣ್ಣಮ್ಮನ ತಮ್ಮ ನಂದಕುಮಾರ್ ಯಾವಾಗಲೋ ತೆಗೆದಿದ್ದು. ಫೋನು ಬದಲಾಯಿಸುವ ಮುಂಚೆ ಅದು ಅವನ ಕಣ್ಣಿಗೆ ಬಿದ್ದು, ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದ. ಹಳೆಯ ಫೋನು ಈಗ ಅವನ ಹತ್ತಿರ ಇರಲಿಲ್ಲ.

ಮೂರು ಸಲ ನೋಡಿದರು. ಮೂರನೆಯ ಸಲ ಸೊಣ್ಣಮ್ಮ, "ಆ ವರ್ಷ ಕಾಯಿ ಬಲಿತೇ ಇರಲಿಲ್ಲ" ಅಂದರು.

"ಭಾನುವಾರ ಇನ್ನೊಂದು ಕಾಪಿ ಮಾಡ್ತೀನಿ" ಅಂದ ಶಶಿಧರ. "ಅಲ್ಲಿವರೆಗೂ ಇರೋದು ಇದೊಂದೇ. ಹುಷಾರು."

ಹುಷಾರು ಅಂದದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಶುಕ್ರವಾರ. ಆ ಮನೆಗೆ ಫ್ರಿಜ್ಜು ಬಂದಾಗ, ಮಿಕ್ಸಿ ಬಂದಾಗ, ಸ್ಕೂಟರು ಬಂದಾಗ ಅರಿಶಿನ ಕುಂಕುಮ ಇಟ್ಟು ಹೂವು ಮುಡಿಸಿ ಕೈಮುಗಿದ ಮೇಲೆಯೇ ಬಳಸುವುದು. ಗಂಡ ಹೋದ ಮೇಲೆ ಸೊಣ್ಣಮ್ಮ ತಾವಾಗಿ ಕುಂಕುಮ ಇಡುವುದನ್ನು ಬಿಟ್ಟಿದ್ದರು. ಸೊಸೆಯ ಕೈಲಿ ಇಡಿಸುತ್ತಿದ್ದರು. ಕೆಲಸಕ್ಕೆ ಹೊರಡುವ ಆತುರದಲ್ಲಿದ್ದ ಶ್ವೇತ ಅರಿಶಿನವನ್ನು ನೀರಲ್ಲಿ ಕಲಸಿಕೊಂಡು ಬಂದು, "ಎಲ್ಲಿ ಇಡಲಿ ಅತ್ತೆ?" ಅಂದಳು.

"ಮುಂದ್ಗಡೆ, ನಡುವಿಗೆ ಇಡು. ದಪ್ಪಕ್ಕೆ ಇಡು. ಕಾಣಬೇಕು."

ಶ್ವೇತ ಹಾಗೆಯೇ ಇಟ್ಟು ಓಡಿದಳು. ಶಶಿಧರ ಆಗಲೇ ಹೋಗಿದ್ದ.

ಹತ್ತು ಗಂಟೆಗೆ ಮನೆಯಲ್ಲಿ ಸೊಣ್ಣಮ್ಮ ಒಬ್ಬರೇ. ಎರಡು ವರ್ಷದ ಮೇಲೆ ಮೊದಲ ಬಾರಿಗೆ ರಿಮೋಟನ್ನು ಕೈಗೆ ತೆಗೆದುಕೊಂಡರು. ಗೋಡೆಯ ಸ್ವಿಚ್ಚು ಹಾಕಿದಾಗ ಟಿವಿ, ಬಾಕ್ಸು ಎರಡೂ ಶುರುವಾಗಿ, ನಿನ್ನೆ ಕಂಡ ವಿಡಿಯೊ ಪಟ್ಟಿ ಬಂತು. ಚಿಕ್ಕಬೈರಪ್ಪನ ಪುಟ್ಟ ಚಿತ್ರ ಅಲ್ಲೇ ಇತ್ತು, ತಲೆ ಬಗ್ಗಿಸಿಕೊಂಡು. ಸೊಣ್ಣಮ್ಮ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಪಕ್ಕದ್ದನ್ನು ಒತ್ತಿದರು. ಮನೆಯ ಚಿತ್ರದ ಗುಂಡಿಯನ್ನು ಹೆಬ್ಬೆರಳು ಬಿಳುಪಾಗುವಷ್ಟು ಒತ್ತಿದರು. ಪಟ್ಟಿ ಹಾಗೆಯೇ ನಿಂತಿತ್ತು.

ಅವರು ರಿಮೋಟನ್ನು ಕೆಳಗಿಟ್ಟು ಕೈಕಟ್ಟಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಏನೂ ಮಾಡದೆ, ಚಿತ್ರ ಮಾಯವಾಯಿತು. ಇಡೀ ಪರದೆ ನೀಲಿಯಾಯಿತು. ನಡುವೆ ಇಂಗ್ಲಿಷಿನ ಎರಡು ಪದ.

ಮತ್ತೆ ನಾನೇ, ಅನ್ನಿಸಿತು ಸೊಣ್ಣಮ್ಮನಿಗೆ. ಅವರನ್ನು ಎರಡನೇ ಸಲ ನಾನೇ ಕಳೆದೆ. ಶಶಿಧರನಿಗೆ ಫೋನು ಮಾಡಬಹುದಿತ್ತು. ಅವನು ಬೈಯುವುದಿಲ್ಲ, ಅದೇ ಮೆತ್ತಗಿನ ದನಿಯಲ್ಲಿ ಹೋಗ್ಲಿ ಬಿಡಮ್ಮ ಅನ್ನುತ್ತಾನೆ. ಅದನ್ನು ನೆನೆದೇ ಅವರ ಕೈ ಫೋನಿನಿಂದ ಹಿಂದೆ ಬಂತು.

ಬಾಗಿಲು ತೆರೆದೇ ಇತ್ತು. ಮೊದಲನೇ ಬಾಡಿಗೆ ಮನೆಯ ಕೆಂಚವ್ವ ಒಳಗೆ ಬಂದಳು. ಅವಳು ಗದಗದ ಕಡೆಯವಳು. ಬಿಟಿಎಂ ಲೇಔಟಿನ ಪಿಜಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ.

"ಹೊಸಾ ಡಬ್ಬಿ ಬಂದೈತಂತ, ನೋಡೂಣಂತ ಬಂದ್ನಿರಿ. ಅಯ್ಯ, ಮಾರಿ ಯಾಕ ಹಂಗ ಬಾಡೇತಿ ಅಕ್ಕಾರ?"

"ಕೆಂಚವ್ವ, ಅವರನ್ನ ಅಳಿಸ್ಬಿಟ್ಟೆ ಕಣೆ."

ವಿಷಯ ತಿಳಿಯಲು ಕೆಂಚವ್ವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳೂ ರಿಮೋಟು ಒತ್ತಿ ನೋಡಿದಳು. ನೀಲಿ ಕದಲಲಿಲ್ಲ.

"ಕೊಟ್ಟಾಂವ ಅದಾನಲ್ರಿ ಅಂಗಡ್ಯಾಗ. ಅವನ ಮುಂದ ಒಯ್ದು ಇಡೂಣು."

"ವೈರು ಕಿತ್ರೆ ಉಳಿದಿದ್ದೂ ಹೋದ್ರೆ?"

"ಹೋಗೂದ ಹೋಗಿದ್ರ ಇನ್ನೇನ್ ಹೋಗತೈತ್ರಿ? ಇದ್ರ ಬರತೈತಿ. ಏಳ್ರಿ."

ಕೆಂಚವ್ವ ವೈರು ಎಳೆಯುವಾಗ ಸೊಣ್ಣಮ್ಮ ಮುಖ ತಿರುಗಿಸಿಕೊಂಡರು. ಬಾಕ್ಸನ್ನು ಪೆನ್‌ಡ್ರೈವ್ ಸಮೇತ ಟವೆಲಿನಲ್ಲಿ ಸುತ್ತಿದರು. ಕುಂಕುಮ ಅಳಿಸಬಾರದೆಂದು ಮುಂಭಾಗವನ್ನು ಮೇಲೆ ಮಾಡಿ, ಬಟ್ಟೆ ತಾಗದಂತೆ ಬಿಟ್ಟರು. ಆಟೊದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ರಸ್ತೆಯ ಪ್ರತಿ ಉಬ್ಬಿಗೂ, "ನಿಧಾನಕ್ಕಪ್ಪ" ಎಂದು ಆಟೊದವನನ್ನು ಬೇಡಿಕೊಂಡರು. ಬನಶಂಕರಿ ದೇವಸ್ಥಾನದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಕೈಮುಗಿಯಬೇಕು ಅನ್ನಿಸಿದರೂ ಬಾಕ್ಸಿನಿಂದ ಕೈ ತೆಗೆಯಲಾಗಲಿಲ್ಲ. ಅದು ತಣ್ಣಗಾಗುತ್ತಿತ್ತು. ಮನೆಯಲ್ಲಿ ಬೆಚ್ಚಗಿತ್ತು ಎಂಬುದು ನೆನಪಾಗಿ ಅದರ ಎರಡು ಪಕ್ಕವನ್ನೂ ಅಂಗೈಯಿಂದ ಮುಚ್ಚಿ ಹಿಡಿದರು.

ಅಂಗಡಿಯಲ್ಲಿ ಮಯೂರ್ ಟವೆಲು ಬಿಡಿಸಿದ. ಬಾಕ್ಸಿನ ಮುಂಭಾಗವನ್ನು ಬಗ್ಗಿ ನೋಡಿದ.

"ಅಜ್ಜಿ, ಪೂಜೆ ಜೋರಾಗಿ ಮಾಡಿದೀರ."

"ತಮಾಷೆ ಮಾಡಬೇಡಪ್ಪ. ಅದರೊಳಗೆ ನಮ್ಮೆಜಮಾನ್ರು ಇದ್ರು."

"ಇದ್ದೇ ಇರ್ತಾರೆ. ನಿನ್ನೆ ಕಣ್ಣು ಅಂತ ತೋರಿಸಿದ್ನಲ್ಲ, ಸರಿಯಾಗಿ ಅದರ ಮೇಲೇ ಇಟ್ಟಿದೀರ. ನೀವು ಒತ್ತಿದ್ದು ಒಂದೂ ಇದಕ್ಕೆ ಮುಟ್ಟೇ ಇಲ್ಲ."

"ಚಿತ್ರ ಹೋಯ್ತಲ್ಲ? ನೀಲಿ ಬಂತಲ್ಲ?"

"ಯಾರೂ ಒತ್ತದೆ ಇದ್ರೆ ಸ್ವಲ್ಪ ಹೊತ್ತಿಗೆ ಅದೇ ನಿದ್ದೆ ಮಾಡುತ್ತೆ ಅಜ್ಜಿ."

ಅವನು ಒದ್ದೆ ಬಟ್ಟೆ ಹುಡುಕಿದ. ಸೊಣ್ಣಮ್ಮ ಅವನನ್ನು ತಡೆದು, ತಮ್ಮ ಸೆರಗಿನ ತುದಿಯಿಂದ ತಾವೇ ನಿಧಾನಕ್ಕೆ ಒರೆಸಿದರು. ಮಯೂರ್ ಬಾಕ್ಸನ್ನು ಅಂಗಡಿಯ ಟಿವಿಯೊಂದಕ್ಕೆ ಜೋಡಿಸಿದ. ಪಟ್ಟಿ ಬಂತು. ಪುಟ್ಟ ಚಿತ್ರ ಇದೆಯೋ ಇಲ್ಲವೋ ನೋಡಲು ಧೈರ್ಯವಾಗದೆ ಸೊಣ್ಣಮ್ಮ ನೆಲ ನೋಡುತ್ತ ನಿಂತರು.

"ಏಯ್, ಅದನ್ನ ಆಚೆ ಮಡಗಿ ಕಾಯಿ ಸುಲಿ ಬಾ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೋಡೆಯಷ್ಟು ದೊಡ್ಡ ಟಿವಿ ಅದು. ಚಿಕ್ಕಬೈರಪ್ಪನ ಉಗುರಿನ ಹಸಿರು ಕೂಡ ಕಾಣುತ್ತಿತ್ತು.

"ಅವ್ವ! ನಿಂತೋರ್ನೆಲ್ಲ ಕೆಲಸಕ್ಕ ಹಚ್ಚತಾರಲ್ರಿ ನಿಮ್ಮ ಯಜಮಾನ್ರು" ಅಂದಳು ಕೆಂಚವ್ವ.

ಸೊಣ್ಣಮ್ಮ ನಕ್ಕರು. ವಿಡಿಯೊ ಮುಗಿದ ಮೇಲೂ ಅವರು ಹೊರಡಲಿಲ್ಲ. ಇನ್ನೂ ಹೆದರಿಕೆ ಇತ್ತು. ಇವತ್ತು ಕುಂಕುಮ, ನಾಳೆ ಇನ್ನೇನೋ. ಭಾನುವಾರಕ್ಕೆ ಇನ್ನೂ ಎರಡು ದಿನ.

"ಇದನ್ನ ಇನ್ನೊಂದು ಕಡೆನೂ ಇಡಕ್ಕಾಗುತ್ತೇನಪ್ಪ? ಇಲ್ಲಿರೋದು ಇಲ್ಲೇ ಇದ್ದು, ಅಲ್ಲೂ ಇರಬೇಕು."

"ಆಗುತ್ತೆ ಅಜ್ಜಿ. ಯಾರ ಫೋನಿಗೆ ಹಾಕ್ಲಿ?"

ಸೊಣ್ಣಮ್ಮನದು ಗುಂಡಿಗಳ ಹಳೆಯ ಫೋನು. ಅವರು ಕೆಂಚವ್ವನ ಕಡೆ ನೋಡಿದರು. ಕೆಂಚವ್ವ ಕುಪ್ಪಸದೊಳಗಿನಿಂದ ಫೋನು ತೆಗೆದು, ಅದಕ್ಕೆ ಮೆತ್ತಿದ್ದ ಜೋಳದ ಹಿಟ್ಟನ್ನು ಒರೆಸಿ ಕೊಟ್ಟಳು. ಐದು ನಿಮಿಷದ ಕೆಲಸ. ಮುಗಿದ ಮೇಲೆ ಎರಡೂ ಕಡೆ ಹಾಕಿ ತೋರಿಸುವವರೆಗೆ ಸೊಣ್ಣಮ್ಮ ಕದಲಲಿಲ್ಲ.

ಸಂಜೆ ಶಶಿಧರ ಬಂದಾಗ ಬಾಕ್ಸು ಮತ್ತೆ ಅದರ ಜಾಗದಲ್ಲಿತ್ತು. ಶ್ವೇತ ಹೊಸದಾಗಿ ಇಟ್ಟ ಕುಂಕುಮ ಈಗ ಬಾಕ್ಸಿನ ನೆತ್ತಿಯ ಮೇಲೆ. ಸೊಣ್ಣಮ್ಮ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಅವನ ಮುಖ ಬಿಳಿಚಿತು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ ಶುರು ಮಾಡಿದ, "ಹೋಗ್ಲಿ..."

"ಹೋಗಿಲ್ಲ ಕಣೋ" ಅಂದರು ಸೊಣ್ಣಮ್ಮ. "ಕೆಂಚವ್ವನ ಫೋನಲ್ಲೂ ಇದ್ದಾರೆ. ಭಾನುವಾರದವರೆಗೂ ಕಾಯೋದು ನಿನಗೆ ಸುಲಭ, ನನಗಾಗಲಿಲ್ಲ."

ಶಶಿಧರ ವಿಡಿಯೊ ಹಾಕಲು ರಿಮೋಟಿಗೆ ಕೈ ಚಾಚಿದ. ಅದು ಆಗಲೇ ತಾಯಿಯ ಕೈಯಲ್ಲಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಕ್ಸಿನ ಕಣ್ಣಿಗೆ ನೇರ ಮಾಡಿ, ಮೊದಲು ಮನೆಯ ಚಿತ್ರದ ಗುಂಡಿ ಎಲ್ಲಿದೆ ಎಂದು ಬೆರಳಿನಿಂದ ಸವರಿ ನೋಡಿದರು. ಆಮೇಲೆ, ಹೆದರಿಕೆ ಇದ್ದ ಹಾಗೆಯೇ, ಒತ್ತಿದರು.