ಓಥಾ ಬ್ಲೆಡ್ಸೋ ಬರೆದ ಎರಡನೇ ಅಂಕಿ

ಕಾಟರ್ಸ್ ಮಿಲ್ ಎಂಬ ಊರಿನಲ್ಲಿ ಯಾವ ಗಂಡಸಿನ ತೋಳು ಎಷ್ಟುದ್ದ ಎಂಬುದು ಅವನ ಹೆಂಡತಿಗೆ ಗೊತ್ತಿರದಿದ್ದರೂ ಓಥಾ ಬ್ಲೆಡ್ಸೋಗೆ ಗೊತ್ತಿರುತ್ತಿತ್ತು. ಅಲಬಾಮದ ಈ ಸಣ್ಣ ಊರಿನಲ್ಲಿ ನಲವತ್ತೊಂದು ವರ್ಷ ದರ್ಜಿ ಕೆಲಸ ಮಾಡಿದವನು. ಮದುವೆಯ ಕೋಟು, ಚರ್ಚಿನ ಹಾಡುಗಾರರ ನಿಲುವಂಗಿ, ಸತ್ತವರಿಗೆ ತೊಡಿಸುವ ಕೊನೆಯ ಸೂಟು, ಎಲ್ಲ ಅವನ ಕೈಯದೇ. ಅಳತೆ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ತೋಳಿಗೆ ಎರಡು ಅಂಕಿ ಬರೆಯುತ್ತಿದ್ದ. ಮೊದಲು ಬಲ, ಆಮೇಲೆ ಎಡ. ದೇವರು ಯಾರಿಗೂ ಎರಡು ತೋಳನ್ನು ಒಂದೇ ಅಳತೆಗೆ ಕತ್ತರಿಸಿಲ್ಲ ಎಂದು ಹೇಳಿ ತಾನೇ ನಗುತ್ತಿದ್ದ.

ಹೊಲಿಗೆ ಅವನ ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ನಮ್ಮ ಕಡೆ ಫುಟ್‌ಬಾಲ್ ಎಂದರೆ ಚೆಂಡನ್ನು ಹೊತ್ತು ಓಡುವುದು, ಎಸೆಯುವುದು, ಎದುರಿಗೆ ಬಂದವನನ್ನು ಕೆಡವುವುದು. ಪ್ರತಿ ಏಪ್ರಿಲ್‌ನಲ್ಲಿ ದೊಡ್ಡ ತಂಡಗಳು ಕಾಲೇಜು ಹುಡುಗರಲ್ಲಿ ತಮಗೆ ಬೇಕಾದವರನ್ನು ಸರದಿ ಪ್ರಕಾರ ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಮೊದಲ ಸುತ್ತಿನಲ್ಲಿ ಹೆಸರು ಬಂದರೆ ಮನೆತನದ ಹಣೆಬರಹವೇ ಬದಲಾಗುತ್ತದೆ. ಅದಕ್ಕೆ ಎರಡು ವಾರ ಮೊದಲು ಲೂಷಿಯಸ್ ಟೇಟ್‌ನ ಕ್ಷೌರದಂಗಡಿಯಲ್ಲಿ ನಮ್ಮೂರಿನ ಗಂಡಸರು ತಮ್ಮದೇ ಅಣಕು ಡ್ರಾಫ್ಟ್ ನಡೆಸುತ್ತಾರೆ. ಮೊದಲ ಸುತ್ತಿನ ಮೂವತ್ತೆರಡು ಸ್ಥಾನಗಳಲ್ಲಿ ಯಾವ ಹುಡುಗ ಎಷ್ಟನೆಯವನಾಗಿ ಹೋಗುತ್ತಾನೆಂದು ಒಬ್ಬೊಬ್ಬನೂ ಪಟ್ಟಿ ಬರೆದು ಕನ್ನಡಿಯ ಪಕ್ಕ ಅಂಟಿಸಬೇಕು. ಯಾರ ಪಟ್ಟಿ ನಿಜಕ್ಕೆ ಹತ್ತಿರವೋ ಅವನಿಗೆ ವರ್ಷವಿಡೀ ಪುಕ್ಕಟೆ ಕ್ಷೌರ. ಇಪ್ಪತ್ತಾರು ವರ್ಷಗಳಲ್ಲಿ ಹತ್ತೊಂಬತ್ತು ಸಲ ಗೆದ್ದವನು ಓಥಾ. ಅವನ ತಲೆ ಪೂರ್ತಿ ಬೋಳು.

"ಇವನ ಪಾಲಿನ ಕೂದಲನ್ನ ನಾನು ಎಲ್ಲಿಂದ ತಂದು ಕತ್ತರಿಸಲಯ್ಯ?" ಎಂದು ಲೂಷಿಯಸ್ ಪ್ರತಿ ವರ್ಷ ಗೊಣಗುತ್ತಿದ್ದ.

ಓಥಾ ಆಟ ನೋಡುವ ರೀತಿಯೇ ಬೇರೆ. ಚೆಂಡು ಎಲ್ಲಿ ಹೋಯಿತೆಂದು ಅವನನ್ನು ಕೇಳಿ ಪ್ರಯೋಜನವಿರಲಿಲ್ಲ. ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಟಿವಿ ಇಟ್ಟುಕೊಂಡು, ಸೊಂಟ ಬಗ್ಗುತ್ತದೆಯೇ, ಪಾದ ಸರಿಯಾದ ಹೊತ್ತಿಗೆ ತಿರುಗುತ್ತದೆಯೇ, ತೋಳು ಪೂರ್ತಿ ಚಾಚುತ್ತದೆಯೇ ಎಂದು ಅಷ್ಟನ್ನೇ ನೋಡುತ್ತಿದ್ದ. ದಾಕ್ಷಿಣ್ಯವೆಂಬುದು ಅವನ ಪಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಪಾದ್ರಿಯ ಸೋದರಳಿಯನನ್ನು ಒಂದು ವರ್ಷ ಪಟ್ಟಿಯಿಂದಲೇ ಕೈಬಿಟ್ಟಿದ್ದ. ಪಾದ್ರಿ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಹುಡುಗನನ್ನು ಯಾವ ತಂಡವೂ ತೆಗೆದುಕೊಳ್ಳಲಿಲ್ಲ ಎನ್ನುವುದೂ ಅಷ್ಟೇ ನಿಜ.

ಅಂಥವನು ಒಮ್ಮೆ ದಾಕ್ಷಿಣ್ಯಕ್ಕೆ ಸೋತ. ಸೋತದ್ದು ವರ್ಡೆಲ್ ಗೇನ್ಸ್‌ಳ ಮಗನ ವಿಷಯದಲ್ಲಿ.

ವರ್ಡೆಲ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಚರ್ಚಿನ ಹಾಡಿನ ಸಾಲಿನಲ್ಲಿ ಓಥಾನ ಮುಂದೆ ನಿಲ್ಲುವವಳು, ಚರ್ಚಿನ ರೂಢಿಯಂತೆ ಅವನನ್ನು ಬ್ರದರ್ ಎಂದು ಕರೆಯುವವಳು. ಅವಳ ಒಬ್ಬನೇ ಮಗ ಟ್ರಮೇನ್ ಕಾಲೇಜು ತಂಡದ ಎಡತುದಿಯ ಕಾವಲುಗಾರ. ಚೆಂಡೆಸೆಯುವವನ ಬೆನ್ನಿಗೆ ಯಾರೂ ಬೀಳದಂತೆ ತಡೆಯುವುದು ಅವನ ಕೆಲಸ. ಆ ಜಾಗಕ್ಕೆ ಉದ್ದ ತೋಳು ಬೇಕೇ ಬೇಕು, ಇಲ್ಲದಿದ್ದರೆ ಎದುರಾಳಿ ಎದೆಗೇ ಬಂದು ಗುದ್ದುತ್ತಾನೆ. ಟ್ರಮೇನನಿಗೆ ನಾಲ್ಕು ವರ್ಷವಾಗಿದ್ದಾಗ ಮೊದಲ ಈಸ್ಟರ್ ಸೂಟು ಹೊಲಿದವನು ಓಥಾ. ಮಕ್ಕಳಿಲ್ಲದ ಓಥಾ ಆ ಪುಟ್ಟ ಕೋಟಿನ ಉಳಿದ ಬಟ್ಟೆಯ ಚೂರನ್ನು ಇನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

ಮಾರ್ಚ್ ತಿಂಗಳಲ್ಲಿ ತಾಯಿಮಗ ಇಬ್ಬರೂ ಡ್ರಾಫ್ಟ್ ದಿನದ ಸೂಟಿಗೆ ಅಳತೆ ಕೊಡಲು ಬಂದರು. ಕೋಟಿಗೆ ಮಣಿಕಟ್ಟಿನವರೆಗೆ ಅಳೆದರೆ ಸಾಕು. ಓಥಾನ ಕೈ ಕೇಳಲಿಲ್ಲ, ತಂಡದವರು ಅಳೆಯುವ ಹಾಗೆ ಭುಜದಿಂದ ನಡುಬೆರಳ ತುದಿಯವರೆಗೆ ಟೇಪು ಎಳೆದ. ಬಲ ಮೂವತ್ತನಾಲ್ಕು ಇಂಚು. ಎಡ ಮೂವತ್ತೆರಡೂವರೆ. ಇನ್ನೊಮ್ಮೆ ಅಳೆದ. ಮತ್ತೆ ಅಷ್ಟೇ.

"ಫೆಬ್ರವರಿಯಲ್ಲಿ ತಂಡದವರು ನಡೆಸಿದ ಪರೀಕ್ಷೆಯಲ್ಲಿ ಯಾವ ಕೈ ಅಳೆದ್ರು ಮಗನೇ?"

"ಬಲಗೈ ಮಾತ್ರ ಸರ್," ಎಂದು ಟ್ರಮೇನ್ ಗೋಡೆ ನೋಡುತ್ತಾ ಹೇಳಿದ.

ವರ್ಡೆಲ್ ಮಗನನ್ನು ಹೊರಗೆ ಕಾರಿನ ಹತ್ತಿರ ಕಳಿಸಿದಳು. "ಒಂಬತ್ತು ವರ್ಷದವನಿದ್ದಾಗ ಪೆಕಾನ್ ಮರದಿಂದ ಬಿದ್ನಲ್ಲ ಬ್ರದರ್ ಓಥಾ, ಅದು. ಶನಿವಾರ ಬಿದ್ದ. ಉಳುಕಿರ್ಬೇಕು ಅಂತ ಐಸ್ ಇಟ್ಟು ಸೋಮವಾರದವರೆಗೆ ಕಾದೆ. ಆಗ ಶನಿವಾರ ಭಾನುವಾರವೂ ಬೇರೆ ಕಡೆ ಕೆಲಸ ಇತ್ತು, ಬಿಟ್ಟು ಆಸ್ಪತ್ರೆಗೆ ಹೋಗೋ ಹಾಗಿರ್ಲಿಲ್ಲ. ಮೂಳೆ ಅಷ್ಟರಲ್ಲಿ ಅಡ್ಡಾದಿಡ್ಡಿ ಕೂತಿತ್ತು, ಆಮೇಲೆ ಆ ಎಡಗೈ ಸರಿಯಾಗಿ ಬೆಳೀಲೇ ಇಲ್ಲ." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಟಿವಿಯಲ್ಲಿ ಕಾಣದ ಹಾಗೆ ಹೊಲೀತೀಯಾ?"

"ನನ್ನ ಟೇಪು ಊರಿಗೆ ಚಾಡಿ ಹೇಳಲ್ಲ ಸಿಸ್ಟರ್ ವರ್ಡೆಲ್," ಎಂದ ಓಥಾ.

ಹಾಗೇ ಹೊಲಿದ. ಎಡಭುಜಕ್ಕೆ ಒಳಗಿಂದ ಮೆತ್ತೆ ಕೊಟ್ಟು, ಬಲತೋಳಿನ ಅಂಚನ್ನು ಕೊಂಚ ಏರಿಸಿ, ಎಡದ್ದನ್ನು ಕೊಂಚ ಇಳಿಸಿ, ನೋಡುವವರ ಕಣ್ಣಿಗೆ ಮಣ್ಣೆರಚಿದ. ಅಂಥ ಕೆಲಸ ನಲವತ್ತೊಂದು ವರ್ಷಗಳಲ್ಲಿ ಮಾಡಿರಲಿಲ್ಲ ಎಂದು ಆಮೇಲೆ ತಾನೇ ಹೇಳಿದ.

ಏಪ್ರಿಲ್ ಬಂತು. ಪಟ್ಟಿ ಬರೆಯಲು ಕೂತ ಓಥಾ ಪೆನ್ಸಿಲ್ ಕೆಳಗಿಟ್ಟ. ಆಟಗಳನ್ನು ಮತ್ತೆ ಹಾಕಿ ನೋಡಿದ್ದ. ಎಡಗಡೆಯಿಂದ ಜೋರಾಗಿ ನುಗ್ಗುವವನು ಬಂದಾಗಲೆಲ್ಲ ಟ್ರಮೇನ್ ಅರ್ಧ ಹೆಜ್ಜೆ ತಡವಾಗುತ್ತಿದ್ದ, ಕಾಲಿನ ಚುರುಕಿನಿಂದ ಅದನ್ನು ಮುಚ್ಚಿಕೊಳ್ಳುತ್ತಿದ್ದ. ಬೇರೆ ಯಾರ ಮಗನಾಗಿದ್ದರೂ ಓಥಾ ಅವನನ್ನು ಐದನೇ ಸುತ್ತಿನವನೆಂದು ಪಟ್ಟಿಯಿಂದ ಕೈಬಿಡುತ್ತಿದ್ದ. ಹಾಗೆ ಮಾಡಿದರೆ ಊರು ಕಾರಣ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಗೆ ಮಾಡಲು ಅವನಿಗೆ ಮನಸ್ಸೇ ಬರಲಿಲ್ಲ. ಬದುಕಿನಲ್ಲಿ ಮೊದಲ ಸಲ ಪಟ್ಟಿಯಲ್ಲಿ ಸುಳ್ಳು ಬರೆದ. ಮೊದಲ ಸುತ್ತು, ಇಪ್ಪತ್ತಾರನೆಯವನು, ಟ್ರಮೇನ್ ಗೇನ್ಸ್. ಪಕ್ಕದಲ್ಲಿ ಎಂದಿನಂತೆ ಎತ್ತರ, ತೂಕ, ತೋಳು ತುಂಬಿಸಿ, ಹಗುರಾಗಿ ಉಸಿರು ಬಿಟ್ಟು ಕ್ಷೌರದಂಗಡಿಗೆ ಹೋಗಿ ಅಂಟಿಸಿ ಬಂದ.

"ಅಂತೂ ಈ ಕಲ್ಲಿನಂಥ ಮನುಷ್ಯನಿಗೂ ಒಂದು ಎದೆ ಇದೆ ಅಂತಾಯ್ತು," ಎಂದ ಲೂಷಿಯಸ್. ಎಲ್ಲರೂ ನಕ್ಕರು. ಅಂಕಿಯ ಸಾಲನ್ನು ಯಾರೂ ನೋಡಲಿಲ್ಲ.

ನಮ್ಮ ಜಿಲ್ಲೆಯ ವಾರಪತ್ರಿಕೆ ಪ್ರತಿ ವರ್ಷ ಓಥಾನ ಪಟ್ಟಿಯನ್ನು ಇದ್ದಹಾಗೇ ಅಚ್ಚು ಮಾಡುತ್ತದೆ. ಈ ಸಲವೂ ಮಾಡಿತು. ಬುಧವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ಬಿಡಿಸಿದ ಓಥಾ ಲೋಟ ಕೆಳಗಿಟ್ಟ. ಉಳಿದ ಮೂವತ್ತೊಂದು ಹುಡುಗರ ಮುಂದೆ ತೋಳಿಗೆ ಒಂದೇ ಅಂಕಿ, ಎಲ್ಲರೂ ಓದುವ ಅದೇ ಅಂಕಿ. ಟ್ರಮೇನನ ಮುಂದೆ ಎರಡು. 34, 32½. ಮೊದಲು ಬಲ, ಆಮೇಲೆ ಎಡ. ಉಳಿದವರ ಅಳತೆಯನ್ನು ಪತ್ರಿಕೆಗಳಿಂದ ನಕಲು ಮಾಡಿದ್ದ. ಈ ಒಬ್ಬನದು ತನ್ನ ಟೇಪಿನಿಂದ ಬಂದದ್ದು. ಮನಸ್ಸು ಸುಳ್ಳು ಬರೆಯುತ್ತಿದ್ದಾಗ ಕೈ ತನ್ನ ಪಾಡಿಗೆ ದರ್ಜಿ ಕೆಲಸ ಮಾಡಿತ್ತು.

ಅದೇ ದಿನ ಮಧ್ಯಾಹ್ನ ಫೋನ್ ಬಂತು. ಯಾವ ತಂಡದವನೆಂದು ಹೇಳಲಿಲ್ಲ. ಮಾತು ಮಾತ್ರ ಬೆಣ್ಣೆಯ ಹಾಗಿತ್ತು.

"ಮಿಸ್ಟರ್ ಬ್ಲೆಡ್ಸೋ, ಗೇನ್ಸ್ ನಿಮ್ಮೂರಿನವನಲ್ವಾ ಅಂತ ನಿಮ್ಮ ಪತ್ರಿಕೆ ತರಿಸಿ ನೋಡ್ತಿದ್ದೆ. ನಿಮ್ಮ ಪಟ್ಟಿ ಚೆನ್ನಾಗಿದೆ. ಅವನ ಎದುರಿಗಿರೋ ಆ ಎರಡನೇ ಅಂಕಿ ಏನು ಅಂತ ಕೇಳಬಹುದಾ?"

ಓಥಾ ಯಂತ್ರದ ಸೂಜಿಯ ಕೆಳಗೆ ಸಿಕ್ಕಿದ್ದ ಬಟ್ಟೆಯನ್ನು ನೋಡುತ್ತಾ ನಿಂತ. "ಅಚ್ಚಿನ ತಪ್ಪು," ಎಂದ ಕೊನೆಗೆ.

"ಓಹೋ. ನೀವು ಟೇಲರ್ ಅಂತಲ್ವಾ?"

"ಹೌದು."

"ಥ್ಯಾಂಕ್ಸ್ ಸರ್," ಎಂದು ಆ ಮನುಷ್ಯ ಫೋನ್ ಇಟ್ಟ.

ಮುಂದಿನ ವಾರ, ಗುರುವಾರ, ಮೊದಲ ಸುತ್ತಿಗೆ ಊರೆಲ್ಲ ಚರ್ಚಿನ ಸಭಾಂಗಣದಲ್ಲಿ ಸೇರಿತು. ಟ್ರಮೇನ್ ಆ ಸೂಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ, ಎರಡು ತೋಳೂ ಒಂದೇ ಸಮ ಕಾಣುತ್ತಿದ್ದವು. ಅವನ ಹೆಸರು ಬರಲಿಲ್ಲ. ಶುಕ್ರವಾರ ಅರ್ಧ ಜನ ಬಂದರು. ಶನಿವಾರ ಮಧ್ಯಾಹ್ನ ಕೊನೆಯ ಸುತ್ತುಗಳು ನಡೆಯುತ್ತಿದ್ದಾಗ ಹುರಿದ ಮೀನು, ಆಲೂಗಡ್ಡೆ ಸಲಾಡು ಮುಟ್ಟುವವರಿಲ್ಲದೆ ಮೇಜಿನ ಮೇಲೆ ತಣ್ಣಗಾಗಿದ್ದವು. ಟ್ರಮೇನನಿಗಿಂತ ಎಷ್ಟೋ ಮಂದಗತಿಯ ಹುಡುಗರ ಹೆಸರು ಕೂಗಿದರು. ವರ್ಡೆಲ್ ಮಗನ ಫೋನನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೊನೆಯ ಹೆಸರೂ ಆಯಿತು. ಟ್ರಮೇನ್ ಎದ್ದು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸತೊಡಗಿದ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಓಥಾನಿಗೆ ಒಳಗೆ ಹೋಗಿ ಕೈಜೋಡಿಸುವ ಧೈರ್ಯ ಬರಲಿಲ್ಲ.

ಆ ಫೋನಿನಿಂದ ಹೀಗಾಯಿತೋ, ತಂಡದವರು ತಾವೇ ಆ ಅರ್ಧ ಹೆಜ್ಜೆಯನ್ನು ಕಂಡುಕೊಂಡಿದ್ದರೋ, ಇದನ್ನು ಹೇಳುವವರು ಯಾರೂ ಇಲ್ಲ. ಓಥಾನಿಗೆ ಮಾತ್ರ ಸಂದೇಹವಿರಲಿಲ್ಲ. ಸೋಮವಾರ ಲೂಷಿಯಸ್ ಅಂಗಡಿಗೆ ಬಂದು, "ಒಂದೇ ಒಂದು ಹೆಸರಲ್ಲಿ ಸೋತೆ ಕಣಯ್ಯ. ಆ ಹುಡುಗನನ್ನ ಬಿಟ್ಟಿದ್ರೆ ಈ ಸಲವೂ ನೀನೇ," ಎಂದ. ಓಥಾ ತಲೆ ಎತ್ತದೆ ಹೊಲಿಯುತ್ತಾ ಹೋದ. ಲೂಷಿಯಸ್‌ಗೆ ತಾನೇನಂದೆ ಎಂದು ಆಮೇಲೆ ಹೊಳೆದು ಟೋಪಿ ಹಾಕಿಕೊಂಡು ಹೊರಟುಹೋದ.

ಎರಡು ವಾರ ಕಳೆದ ಮೇಲೆ ವರ್ಡೆಲ್ ಬಂದಳು. ತೋಳಿನ ಮೇಲೆ ಅದೇ ಸೂಟು.

"ಟೈರ್ ಫ್ಯಾಕ್ಟರಿಯವರು ಗುರುವಾರ ಟ್ರಮೇನನ್ನ ಸಂದರ್ಶನಕ್ಕೆ ಕರೆದಿದಾರೆ. ಆ ಮೆತ್ತೆ ಗಿತ್ತೆ ಎಲ್ಲ ಬಿಚ್ಚು. ಇದ್ದ ಹಾಗೆ ಹೊಲಿ."

"ನಾಳೆ ಸಂಜೆ ಕೊಡ್ತೀನಿ," ಎಂದ ಓಥಾ.

ಅವಳು ಬಾಗಿಲವರೆಗೆ ಹೋದವಳು ತಿರುಗಿದಳು. "ಒಂದು ಕೇಳ್ತೀನಿ. ಆ ಎರಡನೇ ಅಂಕಿ ನೀನು ಬೇಕಂತಲೇ ಬರೆದಿದ್ದಾ?"

ಹೌದೆಂದರೆ ಅವಳು ಇನ್ನೆಂದೂ ಮುಖ ನೋಡುವುದಿಲ್ಲ. ಓಥಾ ಇದ್ದದ್ದನ್ನೇ ಹೇಳಿದ. "ಇಲ್ಲ ಸಿಸ್ಟರ್ ವರ್ಡೆಲ್. ದೇವರಾಣೆ. ಅಭ್ಯಾಸ. ಕೈ ಅದರ ಪಾಡಿಗದು ಬರೆದುಬಿಡ್ತು."

ವರ್ಡೆಲ್ ಬಾಗಿಲು ತೆರೆದು ಹಿಡಿದಳು.

"ಬೇಕಂತ ಬರೆದಿದ್ರೆ ಚೆನ್ನಾಗಿತ್ತು ಬ್ರದರ್ ಓಥಾ. ನಿನ್ನ ಮೇಲೆ ಕೋಪ ಮಾಡ್ಕೊಂಡು ಬದುಕ್ತಿದ್ದೆ. ಈಗ ಸೋಮವಾರದವರೆಗೆ ಕಾದೆನಲ್ಲ, ಅದೊಂದೇ ಉಳೀತು ನನಗೆ."

ಅವಳು ಹೋದ ಮೇಲೆ ಓಥಾ ಕೋಟನ್ನು ಮೇಜಿನ ಮೇಲೆ ಹರಡಿ ಎಡಭುಜದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಮೆತ್ತೆಯನ್ನು ತೆಗೆದು ಪೆಟ್ಟಿಗೆಯಲ್ಲಿ, ಆ ಪುಟ್ಟ ಈಸ್ಟರ್ ಕೋಟಿನ ಬಟ್ಟೆಯ ಚೂರಿನ ಪಕ್ಕ ಇಟ್ಟ. ಆಮೇಲೆ ಅಳತೆ ಪುಸ್ತಕ ತೆರೆದು, ಎರಡನೇ ಅಂಕಿ ನೋಡಿಕೊಂಡು, ಎಡತೋಳನ್ನು ಬಲಕ್ಕಿಂತ ಒಂದೂವರೆ ಇಂಚು ಗಿಡ್ಡ ಮಾಡಿ ಹೊಲಿದ.