ಎಂಟನೇ ತಿಂಗಳ ಹನ್ನೊಂದನೇ ದಿನ

೧೯೯೯ರಲ್ಲಿ ನಗೋಯಾದಲ್ಲಿ ನನ್ನ ಕೆಲಸ ತಾರೀಖುಗಳನ್ನು ತಿದ್ದುವುದಾಗಿತ್ತು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಹಳೆಯ ಪ್ರೋಗ್ರಾಂಗಳಲ್ಲಿ ವರ್ಷ ಎರಡೇ ಅಂಕಿಯಲ್ಲಿತ್ತು. ಕೆಲವು ಕಡೆ ಅದೂ ಜಪಾನಿನ ಶೋವಾ ವರ್ಷ. ಶೋವಾ ವರ್ಷಕ್ಕೆ ೧೯೨೫ ಕೂಡಿಸಿದರೆ ಇಸವಿ ಸಿಗುತ್ತದೆ. ಸೆಪ್ಟೆಂಬರ್ ಕೊನೆಯವರೆಗೆ ನಾನು ತಿದ್ದಿದ ಪ್ರೋಗ್ರಾಂಗಳು ೨೧೪ ಎಂದು ಡೈರಿಯಲ್ಲಿದೆ.

ಸೆಪ್ಟೆಂಬರ್ ೨೪, ಶುಕ್ರವಾರ. ಪಕ್ಕದ ಮೇಜಿನ ಚೀನೀ ಸಹೋದ್ಯೋಗಿ ತಮ್ಮ ಹುಣ್ಣಿಮೆ ಹಬ್ಬದ ಸಿಹಿ ತಂದಿದ್ದಳು. ಮೊಟ್ಟೆ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಹಾಗಾಗಿ ತಿನ್ನದೆ ಮಾತಾಡುತ್ತಾ ಕುಳಿತೆ. ನಾಲ್ಕು ದಿನದ ಹಿಂದೆ, ಅವರ ಪಂಚಾಂಗದ ಎಂಟನೇ ತಿಂಗಳ ಹನ್ನೊಂದನೇ ದಿನ, ಅವಳ ತಾತ ತೀರಿಕೊಂಡ ದಿನವಂತೆ. ಜಪಾನೀಯರ ವಿರುದ್ಧ ವುಹಾನ್ ನಗರವನ್ನು ಉಳಿಸಿಕೊಳ್ಳಲು ನಡೆದ ಕಾಳಗದಲ್ಲಿ ಸತ್ತರು. ದೇಹ ಸಿಗಲಿಲ್ಲ. ಜೊತೆಯ ಸೈನಿಕನೊಬ್ಬ ಬರೆದ ಕಾಗದವಷ್ಟೇ ಬಂತು: ಗಣರಾಜ್ಯದ ಇಪ್ಪತ್ತೇಳನೇ ವರ್ಷ, ಎಂಟನೇ ತಿಂಗಳು, ಹನ್ನೊಂದನೇ ದಿನ, ಇಂಥ ಊರಿನ ಪಶ್ಚಿಮಕ್ಕೆ ಒಂದು ಗುಡ್ಡ. ಆ ಊರಿನ ಪಶ್ಚಿಮಕ್ಕೆ ಗುಡ್ಡಗಳು ಬಹಳ. ಅಜ್ಜಿಗೆ ಎಂಬತ್ತಾರು. ತನ್ನನ್ನು ಹೂಳುವಾಗ ಆ ಗುಡ್ಡದ ಒಂದು ಹಿಡಿ ಮಣ್ಣು ಜೊತೆಗೆ ಹಾಕಬೇಕೆಂದು ಹೇಳುತ್ತಿದ್ದರು. ಯಾವ ಗುಡ್ಡದ ಮಣ್ಣು ತರುವುದೆಂದು ಅವಳ ಅಪ್ಪನಿಗೆ ಗೊತ್ತಿರಲಿಲ್ಲ.

ನಮ್ಮಲ್ಲೂ ಶ್ರಾದ್ಧ ತಿಥಿ ನೋಡಿಯೇ ಮಾಡುತ್ತಾರೆ, ತಾರೀಖು ಹುಡುಕಿಕೊಡುವುದು ನನ್ನ ಕೆಲಸ ಎಂದೆ. ಅಭ್ಯಾಸಬಲದಿಂದ ಮೊದಲು ಇಪ್ಪತ್ತೇಳಕ್ಕೆ ೧೯೨೫ ಕೂಡಿಸಿ ೧೯೫೨ ಎಂದು ಬರೆದೆ. ಅಷ್ಟರಲ್ಲಿ ಯುದ್ಧ ಮುಗಿದು ಏಳು ವರ್ಷವಾಗಿತ್ತು. ಚೀನಾ ಗಣರಾಜ್ಯದ ವರ್ಷಕ್ಕೆ ಕೂಡಿಸಬೇಕಾದದ್ದು ೧೯೧೧. ಹಾಗಾಗಿ ೧೯೩೮; ನಮ್ಮ ಬಹುಧಾನ್ಯ ಸಂವತ್ಸರ.

ತಿಂಗಳಿಗೂ ಒಂದು ನಿಯಮ ಮಾಡಿದೆ. ಈ ವರ್ಷ ಅವರ ಎಂಟನೇ ತಿಂಗಳು ನಮ್ಮ ಭಾದ್ರಪದವೇ. ಅವರ ನಾಲ್ಕನೇ ದಿನ ನಾವು ಗಣೇಶನನ್ನು ಕೂರಿಸಿದ್ದೆವು. ಮೈಸೂರಿಗೆ ಫೋನ್ ಮಾಡಿ, ಮನೆಯಲ್ಲಿದ್ದ ಹಳೆಯ ಪಂಚಾಂಗ ತೆಗೆಸಿದೆ. ಬಹುಧಾನ್ಯದಲ್ಲಿ ಅಧಿಕಮಾಸ ಇರಲಿಲ್ಲ. ಭಾದ್ರಪದ ಶುದ್ಧ ಏಕಾದಶಿ: ೧೯೩೮ರ ಸೆಪ್ಟೆಂಬರ್ ೪. ಇಷ್ಟಾಗುವಾಗ ಫೋನ್ ಕಾರ್ಡಿನಲ್ಲಿ ಮೂರು ನಿಮಿಷ ಉಳಿದಿತ್ತು.

ನಮ್ಮ ಬಾಡಿಗೆ ಮನೆಯ ಮಾಲೀಕರು, ಕೆಳಗಡೆ ಇದ್ದ ಜಪಾನೀ ವೃದ್ಧರೊಬ್ಬರು, ಆ ಯುದ್ಧದಲ್ಲಿ ಸರಕು ಸಾಗಿಸುವ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಸೈನಿಕರು. ಯಾವ ದಿನ ಯಾವ ಕಸ ಹಾಕಿದೆನೆಂದು ನಾನು ಬರೆದಿಡುವುದನ್ನು ಕಂಡು ಮೆಚ್ಚಿ, ತಮ್ಮ ಶೋವಾ ಹದಿಮೂರರ ಡೈರಿಯನ್ನು ಒಮ್ಮೆ ತೋರಿಸಿದ್ದರು. ಶೋವಾ ಹದಿಮೂರು ಎಂದರೆ ೧೯೩೮. ಅವರೂ ವುಹಾನ್ ಕಡೆಗೆ ನಡೆದವರು. ಪ್ರತಿದಿನದ ಮೊದಲ ಸಾಲಿನಲ್ಲಿ ಮಳೆಯೋ ಬಿಸಿಲೋ, ಎರಡನೆಯದರಲ್ಲಿ ಬದುಕಿರುವ ಕುದುರೆಗಳ ಸಂಖ್ಯೆ.

ಅವರನ್ನು ಕೇಳೋಣವೇ ಎಂದು ಸಹೋದ್ಯೋಗಿಯನ್ನು ಕೇಳಿದೆ. ಹದಿನಾಲ್ಕು ದಿನ ಯೋಚಿಸಿ, ಆಗಲಿ ಎಂದಳು.

ಅಕ್ಟೋಬರ್ ೧೦, ಭಾನುವಾರ. ಮೂವರೂ ಅವರ ಚಾಪೆಯ ಕೋಣೆಯಲ್ಲಿ ಕುಳಿತೆವು. ಊರಿನ ಹೆಸರು, ತಾರೀಖು ಎರಡನ್ನೂ ನಾನೇ ಹೇಳಿದೆ. ಪಂಚಾಂಗ ಎನ್ನದೆ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೇನೆ ಎಂದೂ ಸೇರಿಸಿದೆ. ಅವರು ಸೆಪ್ಟೆಂಬರ್ ೪ರ ಪುಟ ತೆಗೆದು ಓದಿದರು. ಮಳೆ. ಕುದುರೆ ೩೧. ಮಲೇರಿಯಾ ಜ್ವರ, ಗಾಡಿಯ ಕೆಳಗೆ ಮಲಗಿದ್ದೆ. ಆ ಊರು ಇನ್ನೂ ಬಹಳ ದೂರವಿತ್ತು ಎಂದರು. ಪುಸ್ತಕ ಮುಚ್ಚಿ, ಹಣ್ಣಿನ ತಟ್ಟೆ ತಂದರು.

ಆಮೇಲೆ ಅವರು ಬೇಕಾದಷ್ಟು ಮಾತಾಡಿದರು. ಶಾಂಘೈ ಗೆದ್ದೆವು, ಷುಝೌ ಗೆದ್ದೆವು, ವುಹಾನ್ ಗೆದ್ದೆವು. ‘ಗೆದ್ದೆವು’ ಎಂದದ್ದು ಹನ್ನೊಂದು ಸಲ. ಗೆದ್ದ ಮೇಲೆ ಏನಾಯಿತೆಂದು ಅವಳು ಕೇಳಿದಳು. ಮತ್ತೆ ನಡೆದೆವು ಎಂದರು. ವುಹಾನ್ ಕೈಬಿಟ್ಟು ಹೋದರೂ ಚೀನಾ ಸೋಲೊಪ್ಪಲಿಲ್ಲ, ಅಲ್ಲಿಂದ ಮುಂದೆ ಜಪಾನಿಗೆ ಯುದ್ಧ ಮುಗಿಸುವ ದಾರಿಯೇ ಸಿಗಲಿಲ್ಲ ಎಂದು ತಮ್ಮ ಶಾಲೆಯಲ್ಲಿ ಕಲಿಸಿದ್ದಾಗಿ ಅವಳು ಹೇಳಿದಳು. ಹೌದು, ನಡೆಯುವುದು ಮುಗಿಯಲಿಲ್ಲ ಎಂದು ಅವರು ಒಪ್ಪಿದರು. ಮೈಸೂರಿನ ನನ್ನ ಶಾಲೆಯಲ್ಲಿ ಈ ಯುದ್ಧ ಒಂದೂವರೆ ಸಾಲು. ನಾನು ಹಣ್ಣು ತಿಂದೆ.

ಬಾಗಿಲಲ್ಲಿ ಷೂ ಹಾಕಿಕೊಳ್ಳುತ್ತಾ, ಅಪ್ಪನಿಗೆ ಏನೂ ಸಿಗಲಿಲ್ಲ ಎಂದು ಬರೆಯುತ್ತೇನೆ ಎಂದಳು.

ನವೆಂಬರ್‌ನಲ್ಲಿ ೨೦೦೦ದ ಫೆಬ್ರುವರಿ ೨೯ನ್ನು ಪರೀಕ್ಷಿಸುವ ಕೆಲಸ ಬಂತು. ಹಳೆಯ ಕೆಲವು ಪ್ರೋಗ್ರಾಂಗಳು ಅಂಥ ದಿನವೇ ಇಲ್ಲ ಎನ್ನುತ್ತಿದ್ದವು. ನನ್ನ ರೂಂಮೇಟ್, ಮೈಸೂರಿನವನೇ, ಅದೇ ಕೆಲಸಕ್ಕೆ ಬಂದವನು, ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದ:

“ಒಂದು ದಿನ ಎಕ್ಸ್‌ಟ್ರಾ ಬಂದಿದ್ದಕ್ಕೆ ಇಷ್ಟು ಒದ್ದಾಡ್ತೀಯಲ್ಲ ಗುರು, ತಿಂಗಳಿಗೆ ತಿಂಗಳೇ ಎಕ್ಸ್‌ಟ್ರಾ ಬಂದ್ರೆ ಏನ್ ಮಾಡ್ತಿದ್ದೆ?”

“ಅಧಿಕಮಾಸ ಚೆಕ್ ಮಾಡಿದೀನಿ. ಆ ವರ್ಷ ಇರ್ಲಿಲ್ಲ.”

“ಯಾರ ಪಂಚಾಂಗದಲ್ಲಿ?”

“ನಮ್ದರಲ್ಲಿ.”

“ಸತ್ತಿದ್ದು ನಿಮ್ಮ ತಾತನಾ?”

ಶನಿವಾರ ಸಹೋದ್ಯೋಗಿಯನ್ನು ಕರೆದುಕೊಂಡು ನಗರದ ಗ್ರಂಥಾಲಯಕ್ಕೆ ಹೋದೆ. ಚೀನಾದ ನೂರು ವರ್ಷದ ಪಂಚಾಂಗವೊಂದು ಅಲ್ಲಿತ್ತು. ಆ ವರ್ಷ ಅವರಿಗೆ ಏಳನೇ ತಿಂಗಳು ಎರಡು ಸಲ ಬಂದಿತ್ತು. ಎಂಟನೇ ತಿಂಗಳು ನಮ್ಮ ಆಶ್ವಯುಜಕ್ಕೆ ಜರುಗಿತ್ತು. ಹನ್ನೊಂದನೇ ದಿನ, ಅಕ್ಟೋಬರ್ ೪. ಒಂದೇ ವರ್ಷದ ಮೇಲೆ ಪರೀಕ್ಷಿಸಿದ ನಿಯಮ ನನ್ನದು. ಆಫೀಸಿನಲ್ಲಿ ಹೀಗೆ ಮಾಡಿದವರ ಕೆಲಸವನ್ನು ನಾನೇ ವಾಪಸು ಕಳಿಸುತ್ತಿದ್ದೆ. ಅವಳಿಗೆ ಸುಮಿಮಾಸೆನ್, ತಪ್ಪಾಯಿತು ಎಂದೆ. ಅವಳು ತಾರೀಖು ಬರೆದುಕೊಂಡು, ಅವರು ಇನ್ನೊಂದು ಸಲ ಬಾಗಿಲು ತೆಗೆಯುತ್ತಾರೆಯೇ ಎಂದಷ್ಟೇ ಕೇಳಿದಳು.

ಡಿಸೆಂಬರ್ ೫, ಭಾನುವಾರ. ತೆಗೆದರು. ಲೆಕ್ಕ ತಪ್ಪಿತ್ತು, ಒಂದು ತಿಂಗಳು ಮುಂದಕ್ಕೆ ಹೋಗಿದೆ ಎಂದೆ. ಅವರು ಡೈರಿ ತಂದರು. ಪುಟ ಹುಡುಕಲಿಲ್ಲ. ಅಕ್ಟೋಬರ್ ೪ರಲ್ಲಿ ಆಗಲೇ ಒಂದು ಕಾಗದದ ಚೂರು ಇತ್ತು.

“ಸೆಪ್ಟೆಂಬರ್ ನಾಲ್ಕಕ್ಕೆ ಆ ಊರ ಹತ್ತಿರ ನಮ್ಮವರು ಯಾರೂ ಇರಲಿಲ್ಲ,” ಎಂದರು. “ನನಗೆ ಅವತ್ತೇ ಗೊತ್ತಿತ್ತು. ನೀವು ಕಂಪ್ಯೂಟರಿನ ಲೆಕ್ಕ ಅಂದಿರಿ. ಸುಮ್ಮನಾದೆ.”

ಓದಿದರು. ಬಿಸಿಲು. ಕುದುರೆ ೨೬. ಊರಿನ ಪಶ್ಚಿಮದ ಗುಡ್ಡಕ್ಕೆ ಗುಂಡುಪೆಟ್ಟಿಗೆ ಹೊತ್ತು ಆರು ಸಲ. ಮಧ್ಯಾಹ್ನ ಗುಡ್ಡ ಕೈಗೆ ಸಿಕ್ಕಿತು. ಚೆನ್ನಾಗಿ ಎಣಿಸುವವನು ಯಾರು ಎಂದು ಅಧಿಕಾರಿ ಕೇಳಿದರು. ಎಲ್ಲರೂ ನನ್ನನ್ನು ತೋರಿಸಿದರು. ಉತ್ತರದ ಇಳಿಜಾರಿನಲ್ಲಿ ಸತ್ತ ಶತ್ರುಗಳು ೭೩.

ಗುಡ್ಡದ ಬುಡದ ಹಳ್ಳಿಯ ಹೆಸರೂ ಅಲ್ಲಿತ್ತು. ಕುದುರೆಗಳಿಗೆ ನೀರು ಕುಡಿಸಿದ ಬಾವಿ ಆ ಹಳ್ಳಿಯದು. ಅವರು ಅದನ್ನು ಜಪಾನೀ ರೀತಿಯಲ್ಲಿ ಉಚ್ಚರಿಸಿದರು. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿ ಅದೇ ಅಕ್ಷರಗಳನ್ನು ಚೀನೀಯಲ್ಲಿ ಓದಿ, ಬರೆದುಕೊಂಡಳು.

“ಹಾಗಾದರೆ ನೀವು ನನ್ನ ತಾತನ ಮುಖ ನೋಡಿದ್ದೀರಿ,” ಎಂದಳು.

“ಎಣಿಸುವಾಗ ಮುಖ ನೋಡುವುದಿಲ್ಲ,” ಎಂದರು. ಪುಟದ ಆ ಸಂಖ್ಯೆಯ ಮೇಲೆ ಬೆರಳಿಟ್ಟು, “ಎರಡು ಸಲ ಎಣಿಸಿದೆ. ಮೊದಲ ಸಲ ಎಪ್ಪತ್ತೆರಡು ಬಂದಿತ್ತು,” ಎಂದರು.

ಹೂಳಿದಿರಾ ಎಂದು ಕೇಳಿದಳು. ಆದೇಶ ಬರಲಿಲ್ಲ, ಮರುದಿನ ಮುಂದೆ ನಡೆದೆವು ಎಂದರು. ಅವರು ತಲೆಬಾಗಿದಾಗ ಹಣೆ ಚಾಪೆಗೆ ತಾಗಿತು. ಮೇಲೇಳಿ ಎಂದು ಅವಳು ಹೇಳಲಿಲ್ಲ. ಹಳ್ಳಿಯ ಹೆಸರನ್ನು ಡೈರಿಯ ಅಕ್ಷರಗಳಿಗೆ ಇನ್ನೊಮ್ಮೆ ತಾಳೆ ನೋಡಿ, ಪೆನ್ನಿನ ಮುಚ್ಚಳ ಹಾಕಿದಳು.

ಅವಳ ಅಪ್ಪ ಮಾರ್ಚ್‌ನಲ್ಲಿ ಆ ಹಳ್ಳಿಗೆ ಹೋಗಿ ಉತ್ತರದ ಇಳಿಜಾರಿನ ಮಣ್ಣು ತಂದರು. ಅಜ್ಜಿ ಅದನ್ನು ಹಿಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು, ದಿನಕ್ಕೊಂದು ಸಲ ಮುಚ್ಚಳ ತೆಗೆದು ನೋಡುತ್ತಾರಂತೆ. ಬಾವಿ ಇನ್ನೂ ಇದೆ ಎಂದು ಮಾಲೀಕರಿಗೆ ಹೇಳಲು ಸಹೋದ್ಯೋಗಿ ನನಗೆ ಹೇಳಿದಳು. ಹೇಳಿದೆ. ನೀರಿದೆಯೇ ಎಂದು ಕೇಳಿದರು. ಅದನ್ನು ನಾನು ಕೇಳಿರಲಿಲ್ಲ.