ನಾನು ಇಂಡಿಯಾದ ಗೋಲ್‌ಕೀಪರ್ ಆದ ಶನಿವಾರ

ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ದಿನಾ ಸೇತುವೆ ದಾಟಿ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿಬರುತ್ತಿದ್ದರು. ಅಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಯಾರಿಗೋ ಹೊಳೆಯಿತಂತೆ: ಯುರೋಪಿನವರು ತಮ್ಮ ಖಂಡಕ್ಕೊಂದು ಫುಟ್‌ಬಾಲ್ ಪಂದ್ಯಾವಳಿ ಇಟ್ಟುಕೊಂಡಿದ್ದಾರೆ, ಏಷ್ಯಾದವರು ನಾವು ಇಲ್ಲೇ ಇಷ್ಟು ಜನ ಇದ್ದೇವೆ, ನಾವೂ ಯಾಕೆ ಆಡಬಾರದು? ಮೈದಾನ ಸಿಗಲಿಲ್ಲ, ಒಂದು ಜಿಮ್ಮು ಸಿಕ್ಕಿತು. ಹೀಗೆ ಹುಟ್ಟಿತು ನಮ್ಮ ಒಳಾಂಗಣ ಏಷ್ಯಾ ಚಾಂಪಿಯನ್‌ಶಿಪ್.

ಮೊದಲ ಜಗಳ ಖಂಡದ ಗಡಿಯದು. ಟರ್ಕಿಯ ಎಂಜಿನಿಯರೊಬ್ಬರು ತಮ್ಮ ತಾಯಿಯ ಮನೆ ಏಷ್ಯಾದಲ್ಲಿದೆ, ಮಾವನ ಮನೆ ಯುರೋಪಿನಲ್ಲಿದೆ, ಎರಡೂ ಒಂದೇ ಊರು ಎಂದರು. ಮದುವೆಯಾದ ಗಂಡಸನ್ನು ತಾಯಿಯ ಕಡೆಯವನೆಂದೇ ಲೆಕ್ಕ ಹಾಕಬೇಕೆಂದು ನನ್ನ ಗಂಡ ತೀರ್ಪು ಕೊಟ್ಟರು. ಈಜಿಪ್ಟಿನವರೊಬ್ಬರಿಗೆ ಅಂಥ ಯಾವ ಸಬೂಬೂ ಇರಲಿಲ್ಲ. ಆದರೆ ಗೋಲಿನ ಬಲೆಗಳು ಅವರ ಹತ್ತಿರ ಮಾತ್ರ ಇದ್ದವು. ಅವರನ್ನು ರೆಫರಿ ಮಾಡಿದರು.

ನಮ್ಮ ತಂಡದ ಸ್ಥಿತಿ ಹೇಳುತ್ತೇನೆ. ನನ್ನ ಗಂಡ ಕ್ರಿಕೆಟ್ ಬಿಟ್ಟು ಇನ್ನೇನೂ ಆಡಿದವರಲ್ಲ. ಹಾಸನದ ಕಡೆಯ ಡಾಕ್ಟರೊಬ್ಬರನ್ನು ಸೇರಿಸಿಕೊಂಡದ್ದು ಹೇಗೂ ಯಾರಿಗಾದರೂ ಏಟಾಗುತ್ತದೆ ಎಂಬ ಮುಂದಾಲೋಚನೆಯಿಂದ. ಮಂಡ್ಯದ ಇಬ್ಬರು ಅಣ್ಣತಮ್ಮಂದಿರು ಒಳ್ಳೆಯ ಆಟಗಾರರೇ, ಆದರೆ ಕಬಡ್ಡಿಯಲ್ಲಿ. ಎದುರಾಳಿ ಹತ್ತಿರ ಬಂದರೆ ಅವನ ಕಾಲು ಹಿಡಿಯುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು.

ಶನಿವಾರ ಮಧ್ಯಾಹ್ನ ಗಂಡಸರು ಹೆಂಗಸರು ಜೊತೆಗೂಡಿ ಆಡುವುದಿದ್ದರೆ ಮಾತ್ರ ಜಿಮ್ಮು ಕೊಡುತ್ತಿದ್ದರು. ಹಾಗಾಗಿ ಪ್ರತಿ ತಂಡದಲ್ಲೂ ಒಬ್ಬ ಹೆಂಗಸು ಇರಲೇಬೇಕಿತ್ತು. ನಮ್ಮ ತಂಡಕ್ಕೆ ಒಪ್ಪಿದ್ದವರು ಡಾಕ್ಟರ ಹೆಂಡತಿ. ಅವರು ಪ್ರ್ಯಾಕ್ಟೀಸಿನಲ್ಲೇ ಕಾಲು ಉಳುಕಿಸಿಕೊಂಡರು. ಶುಕ್ರವಾರ ಸಂಜೆ ನನ್ನ ಗಂಡ ನನ್ನ ಸುತ್ತಮುತ್ತಲೇ ಸುಳಿದಾಡತೊಡಗಿದರು.

"ಗೋಲಲ್ಲಿ ಸುಮ್ನೆ ನಿಂತ್ಕೊ ಸಾಕು ಕಣೇ. ಓಡೋದೇನೂ ಇಲ್ಲ."

"ರೀ, ನಂಗೆ ಕಾಲಲ್ಲಿ ಆಡೋದು ಬರಲ್ಲ."

"ಗೋಲ್‌ಕೀಪರ್ರು ಕೈಯಲ್ಲೇ ಹಿಡಿಯೋದು. ಮೈಸೂರಲ್ಲಿ ಥ್ರೋಬಾಲ್ ಆಡ್ತಿದ್ದೆ ಅಂತ ಮದುವೆ ಆದಾಗಿಂದ ಹೇಳ್ತಾನೇ ಇದ್ದೀಯಲ್ಲ. ತೋರ್ಸು ನೋಡೋಣ."

ಆ ಕೊನೆಯ ಮಾತು ನನ್ನನ್ನು ಕೆಣಕಿತು. ಮರುದಿನ ಸಲ್ವಾರಿನ ಮೇಲೆ ಅವರದೇ ದೊಗಲೆ ಟೀ ಶರ್ಟು ತೊಟ್ಟು, ಜಡೆಯನ್ನು ಗಂಟು ಕಟ್ಟಿ ಗೋಲಿನ ಮುಂದೆ ನಿಂತೆ.

ಎದುರಿಗಿದ್ದವರು ಇರಾನಿನವರು. ಅವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದನ್ನು ನಾವು ಆಡುವುದು ಮರೆತು ನೋಡಿದೆವು. ಅವರ ನಾಯಕ ಎತ್ತರದ ಆಳು, ಬೋಳುತಲೆ, ಬಹಳ ಮರ್ಯಾದಸ್ಥ. ಗೋಲು ಹೊಡೆದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿ "ಸಾರಿ, ಮೇಡಂ" ಎನ್ನುತ್ತಿದ್ದರು. ಗೋಲು ಹೊಡೆಸಿಕೊಳ್ಳುವುದನ್ನಾದರೂ ಸಹಿಸಬಹುದಿತ್ತು. ಈ ಸಮಾಧಾನವನ್ನು ಸಹಿಸಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಮಂಡ್ಯದ ಅಣ್ಣ ಒಬ್ಬನ ಕಾಲನ್ನು ತಬ್ಬಿಹಿಡಿದು ಮಲಗಿದ್ದರು. ರೆಫರಿ ಸೀಟಿ ಊದುತ್ತಲೇ ಇದ್ದರು. "ಬಿಡೋ ಮಾರಾಯ, ಇದು ಫುಟ್‌ಬಾಲು!" ಎಂದು ಡಾಕ್ಟರು ಕೂಗುತ್ತಿದ್ದರು. ಬೆಂಚಿನ ಮೇಲಿದ್ದ ನನ್ನ ಆರು ವರ್ಷದ ಮಗಳು, "ಅಮ್ಮಾ, ಡೋಂಟ್ ಕ್ಲೋಸ್ ಯುವರ್ ಐಸ್!" ಎಂದು ಅರಚಿದಳು.

ಹೌದು, ನಾನು ಕಣ್ಣು ಮುಚ್ಚುತ್ತಿದ್ದೆ. ಮುಂದಿನ ಸಲ ತೆರೆದೇ ಇಟ್ಟೆ. ಚೆಂಡು ನೇರ ಎದೆಗೇ ಬಂತು. ಅಂಗೈ ಉರಿದುಹೋದರೂ ಬಿಡಲಿಲ್ಲ. ಹಿಡಿದ ಮೇಲೆ ಥ್ರೋಬಾಲಿನವರಿಗೆ ಗೊತ್ತಿರುವುದು ಒಂದೇ: ಎಸೆಯುವುದು. ಭುಜದ ಮೇಲಿಂದ ಬೀಸಿ ಎಸೆದೆ.

ಅದು ಎಲ್ಲರ ತಲೆ ದಾಟಿ ಹೋಯಿತು. ಇರಾನಿನ ಗೋಲ್‌ಕೀಪರ್ ಕೆಲಸವಿಲ್ಲದೆ ಬೇಸತ್ತು ಅರ್ಧ ಅಂಗಳ ದಾಟಿ ಬಂದು ಗೋಡೆಗೊರಗಿದ್ದರು. ಹಿಂದೆ ಗೋಲು ಖಾಲಿ. ಚೆಂಡಿನ ಹಿಂದೆಯೇ ಓಡಿದ ನಾಯಕ ಕೊನೆಯ ಗಳಿಗೆಯಲ್ಲಿ ಹಾರಿ ಅದಕ್ಕೆ ತಲೆ ಕೊಟ್ಟರು. ಬೋಳುತಲೆಗೆ ತಾಗಿದ ಚೆಂಡು ಜಾರಿ ಬಲೆಯೊಳಗೆ ಬಿತ್ತು.

ರೆಫರಿ ಯೋಚಿಸಿ, ಗೋಲು ಎಂದು ಸಾರಿದರು. ಆಮೇಲೆ ನಾಯಕನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ವಿವರಿಸಿದರು: ಕೈಯಿಂದ ಎಸೆದ ಚೆಂಡು ಸೀದಾ ಗೋಲಿಗೆ ಹೋದರೆ ಲೆಕ್ಕವಿಲ್ಲ, ನೀವು ಸುಮ್ಮನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆ ಮನುಷ್ಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕರಿಸಿದರು.

ನಾನು ಇಡೀ ಅಂಗಳ ನಡೆದು ಅವರ ಹತ್ತಿರ ಹೋದೆ. ಎದೆಯ ಮೇಲೆ ಕೈಯಿಟ್ಟು, "ಸಾರಿ, ಸರ್" ಎಂದೆ.

ಮೊದಲು ನಕ್ಕಿದ್ದು ಅವರೇ. ಆಮೇಲೆ ಎರಡೂ ತಂಡದವರು ನಗಲು ಶುರು ಮಾಡಿ ಆಟ ಸ್ವಲ್ಪ ಹೊತ್ತು ನಿಂತೇಹೋಯಿತು. ಪಂದ್ಯ ಸೋತೆವು, ಅದೂ ಹೇಳಿಕೊಳ್ಳಲಾಗದ ಹಾಗೆ. ಆದರೂ ನಮ್ಮವರು ನನ್ನನ್ನು ಎತ್ತಿ ಮೆರೆಸಲು ಬಂದರು. ನನ್ನ ಗಂಡನ ಬೆನ್ನು ಹಿಡಿದುಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಡಾಕ್ಟರಿಗೆ ಅಂದು ಸಿಕ್ಕ ಏಕೈಕ ರೋಗಿ ಅವರೇ.

ಮರುವರ್ಷವೂ ಆಡಿದೆವು. ಅಷ್ಟು ಹೊತ್ತಿಗೆ ನಾನು ಸ್ಕೂಲಿನ ಅಂಗಳದಲ್ಲಿ ಡಾಕ್ಟರ ಹೆಂಡತಿಯ ಜೊತೆ ಅಭ್ಯಾಸ ಮಾಡುತ್ತಿದ್ದೆ, ಒಳ್ಳೆಯ ಗ್ಲೌಸು ಕೊಂಡಿದ್ದೆ. ಆ ಸಲ ಜಪಾನಿನ ಎದುರು ಗೆದ್ದೇಬಿಟ್ಟೆವು. ಅವರಲ್ಲಿ ಅರ್ಧ ಜನ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಂದಿರಲಿಲ್ಲ ಎಂಬುದು ಬೇರೆ ವಿಷಯ. ಅದರ ಮುಂದಿನ ವರ್ಷ ಒಬ್ಬೊಬ್ಬರೂ ಒಂದೊಂದು ಕಂಪನಿಗೆ ಚದುರಿಹೋಗಿ ಚಾಂಪಿಯನ್‌ಶಿಪ್ಪೇ ನಿಂತಿತು.

ಗೆದ್ದ ದಿನ ನನ್ನ ಗಂಡ ಖುಷಿ ತಡೆಯಲಾರದೆ ಬೆಂಗಳೂರಿಗೆ ಫೋನು ಮಾಡಿದರು. ಜಪಾನನ್ನು ಸೋಲಿಸಿದೆವು ಎಂದು ಕೂಗಿ ಹೇಳಿದರು. ನನ್ನ ಅತ್ತೆಯವರ ದನಿ ನನಗೂ ಕೇಳುತ್ತಿತ್ತು.

"ಅವಳೆಲ್ಲಿದ್ಲೋ ಆಗ?"

"ಅವಳು ಬಾಗಿಲಲ್ಲಿ ನಿಂತಿದ್ಲಮ್ಮ. ಚೆಂಡು ಬರದ ಹಾಗೆ ಕಾಯ್ತಿದ್ಲು."

ಅತ್ತೆ ಗದರಿದರು:

"ಪಾಪ, ಅವಳನ್ನೂ ಒಳಗೆ ಕರ್ಕೊಂಡು ಆಡಿಸ್ಬಾರದಿತ್ತೇನೋ?"